ನಾಲ್ಕರ ಕೆಳಗ ಐದು

ಅಧಿವೇಶನಕ್ಕ ಕಳಸೋ ಪಟ್ಟಿ. ಯಾದಗಿರಿ ಆಫೀಸಿನ್ಯಾಗ
ಗುಂಡೇರಾವ ಸಾಹೇಬ್ರು ಹೇಳ್ತಾರ, ನಾ ಹೊಡೀತೀನಿ:
ಡೀಸೆಲ್ ಮ್ಯಾಲಿನ ತೆರಿಗಿ. ಪಾಸಿನ ಬಾಕಿ ರೊಕ್ಕ.
ಡ್ರೈವರ್ ಭರ್ತಿ. ಹೊಸ ಗಾಡಿ...
ಎಷ್ಟಂತ ಬರೀಲ್ರಿ?
ಫ್ಯಾನ್ ನೋಡಿದ್ರು.
"ಡಬಲ್ ಬರಿ, ಅಲ್ಲಿ ಅರ್ಧ ಕಡೀತಾರ."

ವಡಗೇರಾ ರೂಟಿನ ಕಂಡಕ್ಟರ್ ಚಂದಮ್ಮ
ಚೀಲದ ಚಿಲ್ಲರಿ ಜಮಾ ಮಾಡಿ ಬಾಗಲದಾಗ ನಿಂತ್ಳು:
"ಕಡೀ ಸ್ಟಾಪಿನ್ಯಾಗ ಒಂದು ಪಾಯಖಾನಿ.
ಒಳಗ ಚಿಲಕ.
ಮುಂಜಾನಿಂದ ನೀರು ಕುಡದಿಲ್ರಿ ನಾ."

"ಅದು ಸದನದ ವಿಷಯ ಅಲ್ಲ ತಂಗಿ."
ಸಾಹೇಬ್ರು ಕನ್ನಡಕ ಒರಸಿದ್ರು, ಮತ್ತ ಒರಸಿದ್ರು.

ಆಕಿ ಹೋದ ಮ್ಯಾಲ ಕರೆಂಟೂ ಹೋತು.
ಮೇಜಿನ ಮ್ಯಾಲ ನನ್ನ ನೀರಿನ ಬಾಟ್ಲಿ,
ಮುಟ್ಟಲಿಕ್ಕ ಆಗಲಿಲ್ಲ.

ಕರೆಂಟ್ ಬಂದ ಕೂಡ್ಲೇ
ನಾಲ್ಕರ ಕೆಳಗ ಐದು.
ಚಿಲಕ, ದಪ್ಪ ಅಕ್ಷರದಾಗ.
ಸಾಹೇಬ್ರು ಓದಲಾರದ ಸಹಿ ಹಾಕಿದ್ರು.
ಓದೇ ಹಾಕಿದ್ರೋ ಏನೋ.