ಬೀಸಣಿಗಿ ಹಿಡಿದಾಕಿ

ಮೂರನೇ ಗ್ಯಾಲರಿ. ಬೆಳಕು ಕಮ್ಮಿ,
ಹೆಚ್ಚಾದ್ರ ರೇಷ್ಮಿ ಕಮರತದಂತ.
ಗಾಜಿನ ಆಚೆ ಚೀನಾ ದೇಶದ ರಾಣೀವಾಸ,
ಈಚೆ ನಾನು, ನನ್ನ ಪ್ಲಾಸ್ಟಿಕ್ ಕುರ್ಚಿ.

ಹೊರಗ ಕಾಳಾ ಘೋಡಾದಾಗ ಬಸ್ಸು ಒದರಿದ್ರ
ಇಲ್ಲಿ ಒಂದು ಬಿದಿರೆಲಿ ಅಳ್ಳಾಡೂದಿಲ್ಲ.
ಒಬ್ಬಾಕಿ ಬೆರಳು ಚಾಚ್ಯಾಳ, ಚಿಟ್ಟಿ ಕೂತೀತಂತ.
ಒಬ್ಬಾಕಿ ಕಲ್ಲಿನ ಕಟ್ಟಿ ಮ್ಯಾಲ ಕೂತು
ಸಡ್ಲಾದ ಬಳಿ ನೋಡಿಕೋತಾಳ.
ಇನ್ನೊಬ್ಬಾಕಿ ನಮಗ ಬೆನ್ನು ಮಾಡ್ಯಾಳ,
ಆರು ವರ್ಷ ಆತು, ಮಾರಿ ತೋರಿಸಿಲ್ಲ.

ಮ್ಯಾಲ, ಆಕಾಶ ಇರಬೇಕಾದಲ್ಲಿ, ಕೆಂಪು ಮುದ್ರಿ ಹನ್ನೊಂದು.
ಕೈಗೆ ಬಂದ ಅರಸರೆಲ್ಲಾ ಒತ್ಯಾರಂತ,
ರೇಶನ್ ಕಾರ್ಡಿಗೆ ಒತ್ತಿದಂಗ.

ಮತ್ತ ಅಕಿ.
ಮೂಲ್ಯಾಗ, ಉದ್ದನ್ನ ಬೀಸಣಿಗಿ ಹಿಡಿದಾಕಿ.
ರಾಣಿ ಟೊಂಕದ ಮಟಾ ಬರತಾಳ.
ಸಾಲಿ ಹುಡುಗೂರು ಕೇಳತಾವು, ಮೌಸಿ, ಅದು ಅವರ ಮಗಳಾ?
ಹೂಂ ಅಂತಿದ್ದೆ. ನಾನೂ ಹಂಗ ತಿಳಕೊಂಡಿದ್ದೆ.
ಒಂದಿನ ಪೆರಿನ್ ಮೇಡಂ ನಿಂತು ಹೇಳಿದ್ರು:
ಕೂಸಲ್ಲ ಅದು. ಆಳು.
ಒಡೆಯರನ್ನ ದೊಡ್ಡದು, ಆಳನ್ನ ಸಣ್ಣದು ಬರಿಯೂದು
ಆಗಿನ ಪದ್ಧತಿ.
ಹೇಳಿ, ಗಾಜಿನ ಮ್ಯಾಲ ಮೂಡಿದ್ದ ಬೆರಳಿನ ಗುರುತು ತೋರಿಸಿ ಹೋದ್ರು.
ಒರಿಸಿದೆ. ನನ್ನವ ಆಗಿದ್ದವು.

ಅವತ್ತಿಂದ ಮೊದಲು ಅಕಿನ್ನ ನೋಡತೀನಿ.
ಚಿಟ್ಟಿಗೆ ಬಂಗಾರದ ಪುಡಿ ಬಳದಾನ ಬರದಾವ,
ಅಕಿ ಹುಬ್ಬಿಗೆ ಒಂದೊಂದ ಗೀಟು,
ಕೈಗೆ ನಾಕ ಬೆರಳು, ಐದನೇದು ಮರತಾನೋ,
ಬ್ಯಾಡ ಅಂದಾನೋ.
ಆದ್ರ ಅಕಿ ಎಡಗಾಲ ಮ್ಯಾಲ ಭಾರ ಬಿಟ್ಟು
ಬಲಗಾಲಿನ ಹಿಮ್ಮಡಿ ತುಸು ಎತ್ಯಾಳ.
ಲಂಗದ ಅಂಚು ಒಂದು ಎಳಿಯಷ್ಟು ಸೊಟ್ಟ.
ಅಷ್ಟ.
ಕಾಲು ಬ್ಯಾನಿ ಕಂಡಾವ ಬರದದ್ದು ಅದು,
ಪದ್ಧತಿ ಅಲ್ಲ.

ದೊಡ್ಡ ಮಂದಿ ಬರೂ ದಿನ ನನ್ನ ಕುರ್ಚಿ ಒಳಗ ಹೋಗತದ.
ನಿಂದರತೀನಿ. ಎಡಗಾಲು ಒಂದಿಷ್ಟು ಹೊತ್ತು,
ಮತ್ತ ಬಲಗಾಲು.
ಅಕಿಗೆ ಬದಲಿ ಮಾಡಾಕ ಬರೂದಿಲ್ಲ.

ಸಂಜಿ ವೀಟಿಯಿಂದ ಡೊಂಬಿವಲಿ ಗಾಡಿ,
ಹೆಂಗಸರ ಡಬ್ಬಿ.
ಕಿಟಕಿ ಬಾಜೂದಾಕಿ ಬಳ್ಳೊಳ್ಳಿ ಸುಲಿತಾಳ,
ಎದುರಿನಾಕಿ ಗೆಳತಿ ತಲಿಗೆ ಅಬ್ಬಲಿಗಿ ಸಿಗಿಸಿ
ದೂರ ಸರದು ನೋಡತಾಳ, ನೆಟ್ಟಗಾತೋ ಇಲ್ಲೋ ಅಂತ.
ಯಾರೂ ಯಾರಿಗಿಂತ ಸಣ್ಣ ಕಾಣೂದಿಲ್ಲ ಈ ಗದ್ದಲದಾಗ,
ಕಾಣಾಕ ಜಾಗಾನ ಇಲ್ಲ.
ಥೋಡಂ ಸರಕಾ ಅಂದೆ.
ನಾಕನೇ ಸೀಟಿನಾಗ ಅರ್ಧ ಕುಂಡಿ ಊರಿ ಕೂತೆ,
ಪಾದ ಎರಡೂ ಚಪ್ಪಲಿಯಿಂದ ಹೊರಗ ತಗದೆ.
ಕುರ್ಲಾ ಬಂತು. ಇನ್ನೂ ನಾಕು ಮಂದಿ ಹತ್ತಿದ್ರು.
ಮತ್ತೂ ತುಸು ಸರದೆ.
ಸಣ್ಣಾಕಿ ಅಕಿ,
ಹಿಡಸತಿದ್ದಳು.