ಮಂಡಕ್ಕಿ, ಮಿರ್ಚಿ

ಇಂಪನ ಬಂದು ಎದುರಿಗೆ ನಿಂತು
ತುಟಿ ಅಗಲಿಸಿ ಅಗಲಿಸಿ ಹೇಳುತ್ತಾಳೆ:
ಅಜ್ಜಾ, ಮಿರ್ಚಿಗೆ ಹುಚ್ಚು ಹಿಡಿದಿದೆ.

ಮಿರ್ಚಿ ಅಂದರೆ ಹಸಿರಿನದು, ಮೂಗಿನ ಮೇಲೆ ನೀಲಿ, ಗಂಡು.
ಮಂಡಕ್ಕಿ ಅಂದರೆ ಬಿಳಿಯದು.
ಕೆ.ಆರ್. ಮಾರ್ಕೆಟ್ಟಿನ ಸಂದಿಯಲ್ಲಿ ಜೋಡಿಗೆ ಐನೂರು ಕೊಟ್ಟು
ತಂದ ದಿನವೇ ಇಟ್ಟ ಹೆಸರು.
ದಾವಣಗೆರೆಯಲ್ಲಿ ಇನ್ನೇನು ಇಡುತ್ತಾರೆ?

ನನ್ನ ಕಿವಿ ಮಿಲ್ಲಿನಲ್ಲೇ ಉಳಿಯಿತು,
ಇಪ್ಪತ್ತಾರು ವರ್ಷ, ಮಗ್ಗದ ಖಾತೆ.
ಅಲ್ಲಿ ಯಾರೂ ಕೂಗುತ್ತಿರಲಿಲ್ಲ, ಕೂಗಿ ಫಲವಿರಲಿಲ್ಲ.
ಹುಬ್ಬು, ಭುಜ, ತುಟಿಯ ಓರೆ;
ಎರಡು ಬೆರಳೆತ್ತಿದರೆ ಬೀಡಿ,
ಅಂಗೈ ಮಗುಚಿದರೆ ಮೇಸ್ತ್ರಿ ಬಂದ.
ಮಿಲ್ಲು ಮುಚ್ಚಿತು. ಭಾಷೆ ನನ್ನ ಹತ್ತಿರವೇ ಉಳಿಯಿತು
ಆಡಲು ಜನವಿಲ್ಲದೆ.

ಹಾಗಾಗಿ ಹುಚ್ಚು ನೋಡಲು
ಪಂಜರದ ಮುಂದೆ ಸ್ಟೂಲು ಹಾಕಿದೆ.

ತಲೆ ಕುಣಿಸಿ ಕುಣಿಸಿ ಮಿರ್ಚಿ
ಕನ್ನಡಿಗೆ ನವಣೆ ಕಕ್ಕುತ್ತಿತ್ತು.
ವಾಂತಿ ಎಂದಳು ಸೊಸೆ, ಸೆರಗಿನಲ್ಲಿ ಮೂಗು ಮುಚ್ಚಿ.
ವಾಂತಿಯಲ್ಲ ಸರ್ವಮಂಗಳಾ, ತುತ್ತು.
ಕಾಯಿಲೆ ಹಕ್ಕಿ ತಲೆ ಒದರಿ ನೆತ್ತಿಯೆಲ್ಲ ಅಂಟು ಮಾಡಿಕೊಳ್ಳುತ್ತೆ;
ಇದು ಗುರಿಯಿಟ್ಟು, ಕೊಕ್ಕಿಗೆ ಕೊಕ್ಕು ಹಚ್ಚಿ ಉಣಿಸುತ್ತಿದೆ.
ಪಕ್ಕದಲ್ಲೇ ಹೆಂಡತಿ ಕೂತಿದ್ದಾಳೆ, ಅದು ಬೇರೆ ಮಾತು.
ಸೊಸೆ ನಕ್ಕಿದ್ದು ಕಂಡಿತು. ಕನ್ನಡಿ ತೆಗೆಸಿದೆ.

ಸಂಜೆ ಒಂಟಿ ಕಾಲಲ್ಲಿ ನಿಂತು ಕೊಕ್ಕು ಮಸೆಯುತ್ತವೆ.
ಸಿಟ್ಟಲ್ಲ ಅದು. ಕೂರುವ ಕಡ್ಡಿಗೆ ಬೆರಳಿಟ್ಟರೆ
ಕರಕರ ಅಂತ ಉಗುರಿಗೆ ಹತ್ತುತ್ತದೆ,
ಪಾಳಿ ಮುಗಿಸಿದವರು ಗೋಡೆಗೊರಗಿ ಎಲೆಅಡಿಕೆ ಅಗಿದ ಹಾಗೆ.

ಎಲ್ಲರೂ ಮಿರ್ಚಿಯನ್ನೇ ನೋಡುತ್ತಿದ್ದರು. ನಾನೂ.
ಮಂಡಕ್ಕಿ ಸುಮ್ಮನಿತ್ತು.
ಪಾಪ, ಸಾಧು, ಎಂದಿತು ಮನೆ.
ಗರಿ ಉಬ್ಬಿಸಿ ದುಂಡಗೆ
ಈಗಷ್ಟೇ ಬಾಣಲೆಯಲ್ಲಿ ಅರಳಿದ ಹಾಗೆ.
ಬಟ್ಟಲಿಗೆ ಇಳಿದು ಕಾಳು ಸುಲಿದು ಸುಲಿದು ಬಿಡುತ್ತಿತ್ತು,
ನುಂಗುತ್ತಿರಲಿಲ್ಲ.
ಬಾಲ ಮೇಲೆ, ಕೆಳಗೆ. ಮೇಲೆ, ಕೆಳಗೆ.
ಒಂದೊಂದು ಉಸಿರಿಗೂ.

ಬ್ಲೋ ರೂಮಿನ ಕೊಟ್ರಪ್ಪ
ಕಡೆಯ ವರ್ಷ ಹೀಗೇ ಭುಜ ಎತ್ತಿ ಇಳಿಸುತ್ತಿದ್ದ.
ನಗುತ್ತಿದ್ದಾನೆ ಅಂದುಕೊಂಡಿದ್ದೆವು.
ಅರಳೆ ಧೂಳಿನ ಈಚೆಯಿಂದ
ನಾವೂ ನಕ್ಕು ಕೈ ಬೀಸುತ್ತಿದ್ದೆವು,
ಸನ್ನೆ ಓದುವುದರಲ್ಲಿ ಪಳಗಿದವರು.

ದನದ ಆಸ್ಪತ್ರೆಗೆ ರಟ್ಟಿನ ಡಬ್ಬದಲ್ಲಿ ಒಯ್ದೆವು.
ನನಗೆ ಕೇಳಿಸದೆಂದು ಡಾಕ್ಟರು ಇಂಪನಳಿಗೆ ಹೇಳಿದರು.
ತುಟಿ ಓದಿದೆ: ಹೊಗೆ.
ಪಂಜರ ಯಾವ ಕಿಟಕಿಗೆ ತೂಗುಹಾಕಿದ್ದೀರಿ?
ಹಿತ್ತಲ ಕಿಟಕಿಗೆ. ಓಣಿಯಾಚೆ ಭಟ್ಟಿ, ಹಗಲೂ ರಾತ್ರಿ.
ಹಕ್ಕಿ ಕಾಯಿಲೆಯನ್ನು ಬಚ್ಚಿಡುತ್ತೆ ಮಗೂ,
ತೋರಿಸುವ ಹೊತ್ತಿಗೆ ತಡವಾಗಿರುತ್ತೆ.

ಈಗ ಪಂಜರ ಮುಂದಿನ ಕೋಣೆಯಲ್ಲಿ.
ಹನಿ ಔಷಧಿ ಎರಡು ಹೊತ್ತು.
ಉಳಿಯುತ್ತಾ ಅಜ್ಜಾ? ಅನ್ನುತ್ತಾಳೆ ಇಂಪನ,
ಈ ಸಲ ತುಟಿ ಅಗಲಿಸದೆ, ಆದರೂ ತಿಳಿಯುತ್ತದೆ.

ರಾತ್ರಿ ಬಟ್ಟೆ ಹೊದಿಸಿದ ಮೇಲೆ
ಸಂದಿಯಲ್ಲಿ ಕೈ ತೂರಿಸಿ ಕಡ್ಡಿಗೆ ಬೆರಳಿಡುತ್ತೇನೆ.
ಬರುತ್ತದೆ, ಕರಕರ.
ಒಂದು ಹಕ್ಕಿಯದೋ ಎರಡರದೋ,
ಅಷ್ಟು ಹೇಳಲು ಮಾತ್ರ
ಈ ಬೆರಳಿಗೆ ಇನ್ನೂ ಬಂದಿಲ್ಲ.