ದ ಒತ್ತಿನ ಅಭಾವ

ಸಂತೇಪೇಟೆಯ ಪ್ರೆಸ್ಸಿನಲ್ಲಿ ನನ್ನ ಕೆಲಸ ಕಾಗುಣಿತ ನೋಡುವುದು,
ಕೊಲೆಗಾರನನ್ನು ಹಿಡಿಯುವುದಲ್ಲ.
ಆದರೂ ಐದನೇ ಫಾರಮಿನಲ್ಲಿ ಪೆನ್ಸಿಲ್ಲು ನಿಂತಿತು.

ಪತ್ತೇದಾರ ಶಶಿಧ್ವಜ ಹೊಗೆ ಬಿಟ್ಟು ಹೇಳುತ್ತಾನೆ:
ಮೇಜಿನ ಮೇಲೆ ಎರಡು ಲೋಟ.
ಒಂದಕ್ಕೆ ಇರುವೆ ಮುತ್ತಿವೆ, ಇನ್ನೊಂದಕ್ಕಿಲ್ಲ.
ಸತ್ತವನು ಮೂರು ಚಮಚದ ಗಿರಾಕಿ.
ಆದ್ದರಿಂದ ಕೊಂದವನು ಸಕ್ಕರೆ ಹಾಕದೆ ಕಾಫಿ ಕುಡಿಯುವವನು.

ಇಲ್ಲಿಯವರೆಗೆ ಪರವಾಗಿಲ್ಲ.
ಇರುವೆ ಸುಳ್ಳು ಹೇಳುವುದಿಲ್ಲ.

ಗುಮಾಸ್ತ ಪುಟ್ಟಲಿಂಗಯ್ಯ ಸಕ್ಕರೆ ಹಾಕದೆ ಕುಡಿಯುತ್ತಾನೆ.
ಆದ್ದರಿಂದ ಅವನೇ ಕೊಲೆಗಾರ.

ತಡಿಯಪ್ಪಾ.
ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದೆ:
ಕಾಗೆಯೆಲ್ಲ ಕಪ್ಪು. ನನ್ನ ಕೊಡೆಯೂ ಕಪ್ಪು.
ಹಾಗಂತ ತಿಥಿಯ ದಿನ
ಕೊಡೆಯ ಮುಂದೆ ಪಿಂಡ ಇಟ್ಟು ಕಾಯೋಣವೇ?

ನನಗೂ ಐದು ವರ್ಷದಿಂದ ಸಕ್ಕರೆ ಕಾಯಿಲೆ,
ಕೆ.ಆರ್. ಆಸ್ಪತ್ರೆಯ ಚೀಟಿ ಚೀಲದಲ್ಲೇ ಇದೆ.
ಲೆಕ್ಕ ಹಾಕಿದರೆ ನಮ್ಮ ಮೊಹಲ್ಲಾ ಒಂದರಲ್ಲೇ
ಇರುವೆ ಮುತ್ತದ ಲೋಟದವರು
ಒಂದು ಸಿಟಿ ಬಸ್ಸು ತುಂಬುತ್ತೇವೆ.
ಆ ರಾತ್ರಿ ನಾವೆಲ್ಲ ಎಲ್ಲಿದ್ದೆವು, ಕೇಳಿದಿರಾ?

ಚಾಮುಂಡಿಪುರದಿಂದ ಹಸಿರು ಇಂಕಿನಲ್ಲಿ ಲೇಖಕರ ಉತ್ತರ:
ಪುಟ ತೊಂಬತ್ತೆರಡರಲ್ಲಿ ಅವನೇ ಒಪ್ಪಿಕೊಳ್ಳುತ್ತಾನೆ.
ತಾವು ದೀರ್ಘ, ಒತ್ತು ನೋಡಿಕೊಂಡರೆ ಸಾಕು.

ಉತ್ತರ ಸರಿ, ದಾರಿ ತಪ್ಪು.
ಇಂಥದ್ದಕ್ಕೆ ಸಣ್ಣಮಾದಯ್ಯ ಮೇಷ್ಟ್ರು
ನನ್ನ ಸ್ಲೇಟನ್ನು ಹೆಬ್ಬೆರಳಲ್ಲಿ ಒರೆಸಿ
ಸೊನ್ನೆ ಸುತ್ತುತ್ತಿದ್ದರು,
ಸೊನ್ನೆ ಮಾತ್ರ ಬಲು ದುಂಡಗೆ.

ಅಷ್ಟರಲ್ಲಿ ಮೊಳೆ ಜೋಡಿಸುವ ಬುಡನ್ ಸಾಬ್ ಕೂಗಿದ:
"ಅಮ್ಮಾವ್ರೇ, ದ ಒತ್ತು ಮುಗೀತು!
ಈವಯ್ಯ ನಲವತ್ತೊಂದು ಸಲ ಆದ್ದರಿಂದ ಅಂದವ್ನೆ,
ಮೊಳೆ ಎಲ್ಲಿಂದ ತರ್ಲಿ?"

ಒತ್ತಿಲ್ಲದ ಮಾತೊಂದು ನನಗೆ ಗೊತ್ತಿತ್ತು.
ಮೆಲ್ಲಗೆ ಹೇಳಿದೆ.

ಪುಸ್ತಕ ಬಂತು. ಮುಖಪುಟದಲ್ಲಿ ರಕ್ತ
ಹೆಣದಿಂದ ಅರ್ಧ ಇಂಚು ಪಕ್ಕಕ್ಕೆ ಸರಿದಿತ್ತು.
ಪುಟ ಅರವತ್ತೇಳು:
ಪುಟ್ಟಲಿಂಗಯ್ಯ ಸಕ್ಕರೆ ಹಾಕದೆ ಕುಡಿಯುತ್ತಾನೆ.
ಆದರೂ ಅವನೇ ಕೊಲೆಗಾರ.

ಓದಿದವರು ಯಾರೂ ಏನೂ ಅನ್ನಲಿಲ್ಲ.
ಶಶಿಧ್ವಜ ಮಾತ್ರ ಆ ಒಂದು ಸಾಲಿನಲ್ಲಿ
ಚುಟ್ಟ ಆರಿದವನಂತೆ ಕಾಣುತ್ತಾನೆ.

ಆ ರಾತ್ರಿ ನನ್ನ ಲೋಟವನ್ನು ತೊಳೆಯದೆ
ಬೇಕೆಂದೇ ಕಿಟಕಿಯಲ್ಲಿಟ್ಟೆ.
ಬೆಳಿಗ್ಗೆ ನೋಡಿದರೆ
ಅಂಚಿನ ಮೇಲೆ ಒಂದು ಇರುವೆ,
ಸುತ್ತುತ್ತಿದೆ.

ಹಾಲಿಗೋ ಏನೋ.